ಯಜಮಾನ-ನಿಷೇಧ ಸಿದ್ಧಾಂತ: ಮನೆ ರೌಟರಿನ ಲಾಗಿನ್ ಪುಟ ಕುರಿತು ಒಂದು ಸಂಶೋಧನ ಪ್ರಬಂಧ

ಮನೆಯ ರೌಟರಿಗೆ ಲಾಗಿನ್ ಪುಟ ಏಕಿದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಳ್ಳರನ್ನು ತಡೆಯಲಿಕ್ಕೆ ಎಂಬುದು ಪೂರ್ವಸೂರಿಗಳ ಮತ. ಪ್ರಸ್ತುತ ಪ್ರಬಂಧಕಾರನು ಇದನ್ನು ಸಾರಾಸಗಟಾಗಿ ತಳ್ಳಿಹಾಕುತ್ತಾನೆ. ದೊರೆತ ಆಕರಗಳನ್ನೆಲ್ಲ ಕೂಲಂಕಷವಾಗಿ ನೋಡಿದರೆ ಈ ಪುಟ ಇದುವರೆಗೆ ದಕ್ಷತೆಯಿಂದ ಹೊರಗಿಟ್ಟಿರುವುದು ಒಬ್ಬನನ್ನೇ: ದುಡ್ಡು ಕೊಟ್ಟು ರೌಟರ್ ತಂದ ಯಜಮಾನನನ್ನು. ಇದನ್ನು 'ಯಜಮಾನ-ನಿಷೇಧ ಸಿದ್ಧಾಂತ' ಎಂದು ಕರೆಯಲಾಗಿದೆ. (ಹೆಸರನ್ನು ಯಾರೂ ಕದಿಯಬಾರದಾಗಿ ವಿನಂತಿ. ಪಾಸ್‌ವರ್ಡ್ ಹಾಕಿಲ್ಲ.)

ಪೂರ್ವಪಕ್ಷ: 'ಪಾಸ್‌ವರ್ಡ್ ಅಂತ ಒಂದಿದೆಯಲ್ಲ ಸ್ವಾಮಿ?' ಇದೆ. ಬಳಕೆದಾರನ ಹೆಸರು ಅಡ್ಮಿನ್, ಗುಟ್ಟೂ ಅಡ್ಮಿನ್. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ 60ಕ್ಕೂ ಹೆಚ್ಚು ಜೋಡಿಗಳನ್ನು ಬಾಯಿಪಾಠ ಮಾಡಿಕೊಂಡು ಲೋಕಸಂಚಾರ ಹೊರಟು, ಸಿಕ್ಕ ಸಿಕ್ಕ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಸೇರಿಸಿ ಸೈನ್ಯ ಕಟ್ಟಿತು. ಅಕ್ಟೋಬರ್ 21ರಂದು ಅದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಆದಿಯಾಗಿ ದೊಡ್ಡವರೆಲ್ಲ ನಾಪತ್ತೆ. ಮರುವರ್ಷ ಜುಲೈನಲ್ಲಿ ಕರ್ನಾಟಕದ ಬಿಎಸ್ಸೆನ್ನೆಲ್ ಮೋಡೆಮ್‌ಗಳಿಗೂ ಇಂಥದೇ ಗ್ರಹಚಾರ ತಗುಲಿತು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೋರಿತು. ಬದಲಿಸುವ ಪುಟ ಎಲ್ಲಿದೆ ಎಂದು ಗ್ರಾಹಕರು ಮಕ್ಕಳನ್ನು ಕೇಳಿದರು.

ಇನ್ನು ಶಾಸನಾಧಾರ. 2013ರ ಅಕ್ಟೋಬರಿನಲ್ಲಿ ಕ್ರೇಗ್ ಹೆಫ್ನರ್ ಎಂಬ ಸಂಶೋಧಕರು ಡಿ-ಲಿಂಕ್ ಡಿಐಆರ್-100 ರೌಟರಿನ ಫರ್ಮ್‌ವೇರನ್ನು ಬಿಚ್ಚಿ ಓದುವಾಗ ಒಂದು ಅಪೂರ್ವ ಪಂಕ್ತಿ ದೊರೆಯಿತು: 'ಎಕ್ಸೆಮ್ಮೆಲ್‌ಸೆಟ್_ರೂಡ್‌ಕ್ಯಾಬ್ಲಿಯೋಜ್28840ವೈಬಿಟೈಡ್'. ಬ್ರೌಸರು ಯಾವ ಪುಟ ಕೇಳುವಾಗಲೂ ತಾನು ಯಾರೆಂದು ಹೇಳಿಕೊಳ್ಳುತ್ತದಷ್ಟೆ. ಆ ಜಾಗದಲ್ಲಿ ಈ ಪಂಕ್ತಿಯನ್ನು ಪಠಿಸಿದವರಿಗೆ ರೌಟರು ಪಾಸ್‌ವರ್ಡನ್ನೇ ಕೇಳುತ್ತಿರಲಿಲ್ಲ. ಅಡಿಗೆರೆಯ ನಂತರದ ಇಂಗ್ಲಿಷ್ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರೆ 'ಎಡಿಟ್ ಬೈ 04882 ಜೋಯೆಲ್ ಬ್ಯಾಕ್‌ಡೋರ್' ಎಂದಾಗುತ್ತದೆ. ಹೊಯ್ಸಳರ ಗುಡಿಗಳಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದು ವಿಗ್ರಹದ ಕೆಳಗೆ, ನೆಟ್ಟಗೆ. ಹಿತ್ತಿಲ ಬಾಗಿಲಿಗೆ, ಅದೂ ತಲೆಕೆಳಗಾಗಿ, ಅಂಕಿತ ಹಾಕಿದ ರೂವಾರಿ ನಮ್ಮ ಶಿಲ್ಪಚರಿತ್ರೆಯಲ್ಲಂತೂ ಇಲ್ಲ. ಇದರ ಪ್ರಯೋಜನವೇನು? ರೌಟರಿನೊಳಗಿನ ಯಾವುದೋ ಪ್ರೋಗ್ರಾಮಿಗೆ ಆಗಾಗ ಸೆಟ್ಟಿಂಗ್ ತಿದ್ದುವ ಅಗತ್ಯವಿದ್ದಿರಬೇಕು, ಯಜಮಾನ ಪಾಸ್‌ವರ್ಡ್ ಬದಲಿಸಿಬಿಟ್ಟರೆ ಪಾಪ ಅದರ ಗತಿಯೇನು ಎಂಬುದು ಹೆಫ್ನರ್ ಅವರ ಊಹೆ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಪುಷ್ಟಿ ಬೇಕಿಲ್ಲ.

ತೈವಾನಿನ ಆರ್ಕೇಡಿಯನ್ ಕಂಪನಿಯ ರೌಟರುಗಳ ಸಂಪ್ರದಾಯ ಇನ್ನೂ ಉದಾರವಾದದ್ದು. ಲಾಗಿನ್ ಪುಟದಲ್ಲಿ ಕಂಪನಿಯ ಲೋಗೋ ಕಾಣಬೇಕು, ಲೋಗೋ ತೋರಿಸಲು ಪಾಸ್‌ವರ್ಡ್ ಕೇಳುವುದು ಸಭ್ಯತೆಯಲ್ಲ. ಆದ್ದರಿಂದ ಚಿತ್ರಗಳ ಫೋಲ್ಡರಿಗೆ ತಪಾಸಣೆಯಿಲ್ಲ. ಚಿತ್ರ ನೋಡಲು ಬಂದೆ ಎಂದು ಆ ಫೋಲ್ಡರಿನ ವಿಳಾಸ ಹಾಕಿ, ಎರಡು ಚುಕ್ಕಿ ಒತ್ತಿ ಒಂದು ಮೆಟ್ಟಿಲು ಹಿಂದೆ ಸರಿದು ಪಕ್ಕದ ಪುಟ ಕೇಳಿದರೆ ಅದೂ ಬಂತು! 2021ರಲ್ಲಿ ಟೆನಬಲ್ ಸಂಸ್ಥೆ ಇದನ್ನು ಬಯಲು ಮಾಡುವಷ್ಟರಲ್ಲಿ ಈ ಫರ್ಮ್‌ವೇರ್ ಹತ್ತಾರು ಕಂಪನಿಗಳ ಹೆಸರಿನಲ್ಲಿ ದೇಶ ದೇಶದ ಮನೆ ಸೇರಿಯಾಗಿತ್ತು.

ಸಿದ್ಧಾಂತಕ್ಕೆ ಕಂಟಕವಾಗುವ ಏಕೈಕ ಪ್ರಸಂಗ ಫ್ರಾನ್ಸಿನದು. ಎಲೋಯ್ ವಾಂಡರ್‌ಬೆಕೆನ್ ಎಂಬುವರು ಕ್ರಿಸ್‌ಮಸ್ ರಜೆಗೆ ಮನೆಗೆ ಹೋದಾಗ ಅಲ್ಲಿನ ಲಿಂಕ್‌ಸಿಸ್ ರೌಟರಿನ ಪಾಸ್‌ವರ್ಡ್ ಮರೆತಿದ್ದರು. ಸಾಮಾನ್ಯ ಯಜಮಾನ ಗುಂಡುಪಿನ್ ಹುಡುಕಿ ರೀಸೆಟ್ ತೂತಿಗೆ ಚುಚ್ಚುತ್ತಿದ್ದ. ಇವರು ಫರ್ಮ್‌ವೇರನ್ನೇ ಬಗೆದು, 32764ನೇ ಪೋರ್ಟಿನಲ್ಲಿ ಪಾಸ್‌ವರ್ಡ್ ಕೇಳದೆ ಆಜ್ಞೆ ಪಾಲಿಸುತ್ತ ಕೂತಿದ್ದ ಸೇವಕನೊಬ್ಬನನ್ನು ಪತ್ತೆಹಚ್ಚಿದರು. ಯಜಮಾನನೂ ಒಳಹೋದ ಈ ಅಪಚಾರಕ್ಕೆ ಪರಿಹಾರವಾಗಿ ಹೊಸ ಫರ್ಮ್‌ವೇರ್ ಬಂತು. 2014ರ ಏಪ್ರಿಲಿನಲ್ಲಿ ಅದನ್ನೂ ಬಗೆದರು. ಸೇವಕ ಕೆಲಸ ಬಿಟ್ಟಿರಲಿಲ್ಲ, ವಿಶೇಷ ಪ್ಯಾಕೆಟ್ ಕಳಿಸಿದರೆ ಎದ್ದು ಬರುತ್ತಿದ್ದ.

2024ರ ಏಪ್ರಿಲ್ 29ರಿಂದ ಬ್ರಿಟನ್ ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನು ಕಾನೂನಿನಿಂದಲೇ ನಿಷೇಧಿಸಿದೆ. ಡಬ್ಬಿಗೊಂದು ಪ್ರತ್ಯೇಕ ಪಾಸ್‌ವರ್ಡ್ ಇರಬೇಕು, ಇಲ್ಲವೇ ಕೊಂಡವನೇ ಇಡಬೇಕು. ಈ ಪದ್ಧತಿ ಇಲ್ಲೂ ಕಾಲಿಟ್ಟಿದೆ. ರೌಟರಿನ ತಳದ ಸ್ಟಿಕ್ಕರಿನಲ್ಲಿ ಇರುವೆ ಸಾಲಿನಂಥ ಅಕ್ಷರ, ಸೊನ್ನೆಯೋ ಓ-ಕಾರವೋ ತಿಳಿಯದು. ಯಜಮಾನರು ಅದರ ಫೋಟೋ ತೆಗೆದು, 'ಇದರಲ್ಲಿ ಪಾಸ್‌ವರ್ಡ್ ಯಾವುದು, ಗೊತ್ತಿದ್ದವರು ಹೇಳಿ' ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಮೇಲಿನ ಮನೆಯ ಹುಡುಗ ಉತ್ತರ ಬರೆಯುವ ಗೋಜಿಗೇ ಹೋಗದೆ ತಾನೇ ಲಾಗಿನ್ ಆಗಿ, ಪಾಸ್‌ವರ್ಡ್ ಬದಲಿಸಿ, 'ಈಗ ಸೇಫ್ ಇದೆ ಅಂಕಲ್' ಎಂದು ಹೆಬ್ಬೆರಳು ಕಳಿಸುತ್ತಾನೆ.