ಎದುರುಗಾಳಿಯಲ್ಲಿ ನಮ್ಮ ಪಾಲೆಷ್ಟು?

ನವೆಂಬರ್ ಬಂತೆಂದರೆ ಬೆಂಗಳೂರಿನ ವಿಜಯನಗರದ ಆಟೊ ನಿಲ್ದಾಣಗಳಲ್ಲಿ ಕಂಬಕ್ಕೊಂದು, ಆಟೊಗೊಂದು ಹಳದಿ-ಕೆಂಪು ಬಾವುಟ ಏರುತ್ತದೆ. ಕಂಬದ ಬಾವುಟ ಸಾಧು ಪ್ರಾಣಿ. ಗಾಳಿ ಮೂಡಣದಿಂದ ಬಂದರೆ ಪಡುವಣಕ್ಕೆ ಹಾರುತ್ತದೆ, ಗಾಳಿ ನಿಂತರೆ ತಾನೂ ಜೋತುಬೀಳುತ್ತದೆ. ಆಟೊ ಬಾವುಟದ ವರಸೆಯೇ ಬೇರೆ. ಗಾಡಿ ಮಾಗಡಿ ರಸ್ತೆ ಹಿಡಿಯಲಿ, ಮಾರುತಿ ಮಂದಿರದ ಕಡೆ ತಿರುಗಲಿ, ಅದು ಹಿಂದಕ್ಕೇ ಪಟಪಟ ಹೊಡೆದುಕೊಳ್ಳುತ್ತದೆ. ಗಾಳಿ ಎತ್ತಣದ್ದಪ್ಪಾ ಎಂದು ಅದನ್ನು ಕೇಳಿದರೆ, ‘ನೀವು ಎಲ್ಲಿಗೆ ಹೋಗ್ಬೇಕು, ಅದ್ಹೇಳಿ’ ಎಂದೀತು.

ಈ ಎರಡು ಬಾವುಟಗಳ ಭಿನ್ನಾಭಿಪ್ರಾಯವನ್ನೇ ಹಾಯಿದೋಣಿಯವರು ಶಾಸ್ತ್ರ ಮಾಡಿಕೊಂಡಿದ್ದಾರೆ. ಕಂಬದ್ದು ನಿಜಗಾಳಿ. ಆಟೊದ್ದು ತೋರುಗಾಳಿ, ಅವರ ಬಾಯಲ್ಲಿ ಅಪರೆಂಟ್ ವಿಂಡ್. ಬೀಸುವ ಗಾಳಿಯ ಜೊತೆ ನಮ್ಮ ಓಟವೇ ಎಬ್ಬಿಸಿದ ಗಾಳಿ ಸೇರಿದರೆ ತೋರುಗಾಳಿ. ಓಡುವ ದೋಣಿಯ ಹಾಯಿಗೆ ಸಿಗುವುದು ಈ ಎರಡನೆಯದು ಮಾತ್ರ.

ನನ್ನ ತಲೆಗೆ ಇದನ್ನೆಲ್ಲ ತುಂಬಿದವನು ಅಕ್ಕನ ಮಗ. ಅವನಿರುವುದು ಆಕ್ಲೆಂಡಿನಲ್ಲಿ, ಹಾಯಿಗಳ ನಗರ ಎಂದೇ ಆ ಊರಿಗೆ ಹೆಸರು. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಹುಡುಗ ಹೋಗಿ ಹೋಗಿ ಕ್ಯಾಟಮರಾನ್ ಹತ್ತಿದ. ಎರಡು ಸಪೂರ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿ, ನಡುವೆ ಬಲೆ ಬಿಗಿದ ದೋಣಿ ಅದು. ಗಾಳಿ ಹಿಂದಿನಿಂದ ಬರುವಾಗ ಬಿಚ್ಚುವ ದೊಡ್ಡ ಹೊಟ್ಟೆಯ ಹಾಯಿಗೆ ಸ್ಪಿನೇಕರ್ ಎನ್ನುತ್ತಾರೆ. ಅದರ ಒಂದು ಮೂಲೆ ದೋಣಿಯ ಮೂತಿಯಿಂದ ಚಾಚಿದ ಕೋಲಿಗೆ, ಇನ್ನೊಂದು ಕಂಬದ ಮೇಲಕ್ಕೆ, ಮೂರನೆಯದರ ಹಗ್ಗ ಹಾಯಿಗಾರನ ಕೈಗೆ. ಬಣ್ಣಬಣ್ಣದ ಆ ತೆಳು ನೈಲಾನನ್ನು ವಿಡಿಯೊ ಕಾಲ್‌ನಲ್ಲಿ ಕಂಡ ಅಕ್ಕ, ‘ಇಷ್ಟಗಲ ಬಟ್ಟೆಗೆ ಫಾಲ್ಸ್ ಹಚ್ಚಿಸೋಕೆ ಎಷ್ಟು ತಗೋತಾರೋ’ ಎಂದಳು.

‘ಮಾವ, ಬೆಂಗಳೂರಲ್ಲಿ ಕೂತು ನಿಮಗೆ ಇದು ಅರ್ಥ ಆಗಲ್ಲ ಬಿಡಿ’ ಎಂದ ಅವನು. ಅಲ್ಲೇ ನನ್ನ ಸ್ವಾಭಿಮಾನ ಕೆರಳಿತು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದರೇನು? ನನ್ನ ಬಳಿ ಸ್ಕೂಟರ್ ಇದೆ, ಮಾಗಡಿ ರಸ್ತೆ ಇದೆ, ವರ್ಷಕ್ಕೊಮ್ಮೆ ಆಷಾಢ ಬರುತ್ತದೆ. ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ?

ಆಷಾಢದಲ್ಲಿ ನಮ್ಮ ಗಾಳಿ ಪಡುವಣದ್ದು. ಅದು ಗಂಟೆಗೆ 20 ಕಿ.ಮೀ. ಬೀಸುತ್ತಿದೆ ಎನ್ನಿ. ವಿಜಯನಗರದಿಂದ ಸುಮನಹಳ್ಳಿ ಕಡೆಗೆ 30ರಲ್ಲಿ ಹೊರಟರೆ ಮುಖಕ್ಕೆ ಬಡಿಯುವುದು 50. ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮರಳಿದರೆ ಬರೀ 10. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹೋಗುವಾಗಿನ ತಡೆ ಬರುವಾಗಿನದಕ್ಕಿಂತ 25 ಪಟ್ಟು. ಮೆಕ್ಯಾನಿಕ್ ಮಾತ್ರ ಮೈಲೇಜ್ ಬರದಿರುವುದಕ್ಕೆ ಕಾರ್ಬುರೇಟರ್ ಕಡೆಗೇ ಬೆರಳು ತೋರಿಸುತ್ತಾನೆ.

ಕಾರ್ಡ್ ರಸ್ತೆ ಇನ್ನೂ ರಸವತ್ತು. ರಾಜಾಜಿನಗರದತ್ತ ಬಡಗಣಕ್ಕೆ ಹೋಗುವಾಗ ಸಿಗ್ನಲ್‌ನಲ್ಲಿ ನಿಂತರೆ ಗಾಳಿ ನೇರ ಎಡಗಿವಿಗೆ. ಹಸಿರು ಬಿದ್ದು 30 ಮುಟ್ಟುವ ಹೊತ್ತಿಗೆ ಅದೇ ಗಾಳಿ ಎಡಗಣ್ಣಿಗೆ ಬಂದಿರುತ್ತದೆ. ಮೂಗಿನ ನೇರದಿಂದ 34 ಡಿಗ್ರಿ ಓರೆ, ವೇಗ 36. ಗಾಳಿ ದಿಕ್ಕು ಬದಲಿಸಿಲ್ಲ, ನಾವು ಓಡಿದ್ದೇವೆ ಅಷ್ಟೆ. ವೇಗ ಹೆಚ್ಚಿದಷ್ಟೂ ತೋರುಗಾಳಿ ಮುಂದಕ್ಕೆ ಸರಿಯುತ್ತದೆ ಎಂಬ ಮೂಲಸೂತ್ರ ಮುಂದಿನ ಸಿಗ್ನಲ್ ಬರುವುದರೊಳಗೆ ಸಿದ್ಧಿಸುತ್ತದೆ.

ಇನ್ನು ಹಾಯಿದೋಣಿಯ ಸಂಕಟ. ಮಾಗಡಿ ರಸ್ತೆಯಲ್ಲಿ ಮರಳುವಾಗ ಸ್ಕೂಟರನ್ನು 20ಕ್ಕೆ ಇಳಿಸಿದರೆ ಗಾಳಿಯೇ ಇಲ್ಲ. ನಮ್ಮದೇ ಹೊಗೆ ನಮ್ಮ ಜೊತೆಗೇ ಮನೆಗೆ ಬರುತ್ತದೆ. ಸ್ಕೂಟರಿಗೆ ಪೆಟ್ರೋಲ್ ಉಂಟು, ಚಿಂತೆಯಿಲ್ಲ. ಗಾಳಿಯನ್ನೇ ಉಣ್ಣುವ ದೋಣಿಯ ಗತಿ? ಗಾಳಿಯನ್ನು ನೇರ ಬೆನ್ನಿಗೆ ಹಾಕಿಕೊಂಡು ಓಡಿದರೆ, ಅದರ ವೇಗ ಏರಿದಷ್ಟೂ ಹಾಯಿಗೆ ಸಿಗುವ ಗಾಳಿ ಇಳಿಯುತ್ತದೆ. ಹಾಗೆ ಓಡುವ ದೋಣಿ ಗಾಳಿಯ ವೇಗವನ್ನು ಎಂದೂ ಮುಟ್ಟಲಾರದು.

ಕ್ಯಾಟಮರಾನ್ ಈ ಬಲೆಗೆ ಬೀಳುವುದಿಲ್ಲ, ಓರೆಯಾಗಿ ಓಡುತ್ತದೆ. 20ರ ಗಾಳಿಯನ್ನು ಹಿಂದಿನಿಂದ 45 ಡಿಗ್ರಿ ಓರೆಗೆ ಹಿಡಿದು 25ರಲ್ಲಿ ಹೊರಟರೆ, ತೋರುಗಾಳಿ ಮೂತಿಯಿಂದ 52 ಡಿಗ್ರಿಯಲ್ಲಿ, ಹೆಚ್ಚುಕಡಿಮೆ 18 ಕಿ.ಮೀ. ವೇಗದಲ್ಲಿ ಬರುತ್ತದೆ. ಬೆನ್ನ ಹಿಂದಿದ್ದ ಗಾಳಿ ಈಗ ಎದುರಿಗೆ! ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಇದು ಗಾಳಿಯನ್ನು ಬರಿಸಿಕೊಂಡು ತೂರಿಕೊಳ್ಳುತ್ತದೆ. ಆಮೇಲೆ ಮಗ್ಗುಲು ಬದಲಿಸಿ ಇನ್ನೊಂದು ಓರೆ, ಮತ್ತೊಂದು ಓರೆ. ದಾರಿ ಉದ್ದವಾದರೂ ಗುರಿ ಬೇಗ.

ಇದರಲ್ಲಿ ಪಶ್ಚಿಮ ಬೆಂಗಳೂರಿನವರಿಗೆ ಹೊಸದೇನೂ ಇಲ್ಲ. ವಿಜಯನಗರದಿಂದ ಕೆಂಗೇರಿಗೆ ಮೈಸೂರು ರಸ್ತೆ ನೇರ ದಾರಿ. ಆದರೂ ಸಂಜೆ ಆರಕ್ಕೆ ಬುದ್ಧಿಯಿದ್ದವರು ನಾಗರಬಾವಿ, ಹೊರವರ್ತುಲ ರಸ್ತೆ, ಉಲ್ಲಾಳ ಎಂದು ಓರೆ ಹೊಡೆದೇ ಮನೆ ಸೇರುತ್ತಾರೆ. 2021ರ ಆಗಸ್ಟ್‌ನಿಂದ ಕೆಂಗೇರಿಗೆ ಮೆಟ್ರೊ ಇದೆ, ನಿಜ. ಅದರ ಡಬ್ಬಿಯೊಳಗೆ ನಿಜಗಾಳಿಯೂ ಇಲ್ಲ, ತೋರುಗಾಳಿಯೂ ಇಲ್ಲ. ಹೀಗಾಗಿ ವಿದ್ಯೆಯೂ ಹತ್ತುವುದಿಲ್ಲ.

ಸ್ಪಿನೇಕರ್ ಹಗ್ಗ ಹಿಡಿಯುವ ವಿದ್ಯೆ ಇಷ್ಟೇ: ಹಾಯಿಯ ಮುಂಚೂಣಿ ಅಂಚು ಒಂದಿಷ್ಟು ಮುದುರುವವರೆಗೆ ಹಗ್ಗ ಬಿಡಬೇಕು, ಮುದುರಿದೊಡನೆ ತುಸು ಎಳೆಯಬೇಕು. ಮತ್ತೆ ಬಿಡು, ಮತ್ತೆ ಎಳೆ. ಅನುಮಾನ ಬಂದರೆ ಬಿಡುವುದೇ ಲೇಸು. ದೋಣಿ ವೇಗ ಪಡೆದು ತೋರುಗಾಳಿ ಮುಂದೆ ಸರಿದರೆ ಚುಕ್ಕಾಣಿ ಹಿಡಿದವನು ಮೂತಿಯನ್ನು ಗಾಳಿ ಹೋಗುವತ್ತ ಇಳಿಸುತ್ತಾನೆ. ಗಾಳಿ ಸೋತರೆ ಮತ್ತೆ ಏರಿಸುತ್ತಾನೆ. ಹಗ್ಗವನ್ನು ವಿಪರೀತ ಬಿಗಿದರೆ ಹಾಯಿ ನೋಡಲು ಭರ್ಜರಿ, ಅಂಗೈ ಕೊಯ್ಯುವಂಥ ಎಳೆತ, ಆದರೆ ದೋಣಿ ಮಂದ. ಹೊಸಬರು ಕೈನೋವನ್ನೇ ವೇಗ ಅಂದುಕೊಳ್ಳುತ್ತಾರಂತೆ. ನಮ್ಮ ಬಡಾವಣೆಯ ಸಂಘಗಳ ಕೆಲವು ಪದಾಧಿಕಾರಿಗಳು ನೆನಪಾದರು.

ಹಾಯಿದೋಣಿಗಳ ಪಂದ್ಯವಾದ ಅಮೆರಿಕಾಸ್ ಕಪ್‌ನಲ್ಲಿ 2013ರಲ್ಲಿ ಓಡಿದ 72 ಅಡಿಯ ಕ್ಯಾಟಮರಾನ್‌ಗಳು 40 ನಾಟ್, ಅಂದರೆ ಗಂಟೆಗೆ 74 ಕಿ.ಮೀ. ದಾಟಿದವು, ಬೀಸುವ ಗಾಳಿಯನ್ನೇ ಹಿಂದೆ ಹಾಕಿದವು. ಅಲ್ಲಿ ನ್ಯೂಜಿಲೆಂಡ್ ತಂಡ 8–1ರಿಂದ ಮುಂದಿದ್ದು 8–9ರಿಂದ ಸೋತಿತು. ಆ ದುಃಖ ಎಂಥದೆಂದು ಆರ್‌ಸಿಬಿಯ ಹಳೆಯ ಅಭಿಮಾನಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲಿ ಹಾಯಿ ಬಿಚ್ಚುವ ಭಾಗ್ಯ ಮೂಡಲವರದು. ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ಹಾಯಿದೋಣಿಗಳಿವೆ. ಸೇನೆಯ ಎಂಜಿನಿಯರುಗಳೇ 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ದೋಣಿಯಲ್ಲಿ ಭೂಮಿ ಸುತ್ತಿ ಬಂದ ಮೊದಲ ಭಾರತೀಯರು. ಪಡುವಲವರಾದ ನಮ್ಮ ಪಾಲಿಗೆ ಬಂದದ್ದು ವೃಷಭಾವತಿ. ಅದರ ದಡದಲ್ಲಿ ನಿಜಗಾಳಿ ಎತ್ತಣದ್ದು ಎಂದು ತಿಳಿಯಲು ಬಾವುಟ ಬೇಡ, ಮೂಗು ಸಾಕು.

ಇಷ್ಟು ಕಲಿತ ಮೇಲೆ ನನ್ನ ತೀರ್ಮಾನ ಇದು. ಜೋರು ಎದುರುಗಾಳಿ, ಲೋಕವೇ ನನಗೆ ಅಡ್ಡ ನಿಂತಿದೆ ಎಂದು ಗೊಣಗುವವರೆಲ್ಲ ಆಷಾಢದಲ್ಲೊಮ್ಮೆ ಮಾಗಡಿ ರಸ್ತೆಯಲ್ಲಿ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿ. ಆ 50ರಲ್ಲಿ ಉಳಿಯುವುದು 20. ಮಿಕ್ಕ 30 ನಿಮ್ಮದೇ.