ಸೇತುವೃಕ್ಷ ಮೀಮಾಂಸೆ

ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಪಟ್ಟಣಗಳು ಉತ್ತರ ಕನ್ನಡದ ಕರಾವಳಿಯಲ್ಲಿ ತೆಂಕಣದಿಂದ ಬಡಗಣಕ್ಕೆ ಒಂದರ ಮೇಲೊಂದಾಗಿ ನೆಲೆಗೊಂಡಿರುವುದೂ, ಇವುಗಳ ಪಡುವಲಿಗೆ ಅರಬ್ಬೀ ಸಮುದ್ರವೂ ಮೂಡಲಿಗೆ ಸಹ್ಯಾದ್ರಿಯೂ ಇರುವುದೂ ಶಾಲೆಯ ಮಕ್ಕಳಿಗೂ ವಿದಿತವಾದ ಸಂಗತಿ. ಆದರೆ ಈ ಮೂರರ ಪೈಕಿ ರಾಜಧಾನಿ ಯಾವುದೆಂಬ ಪ್ರಶ್ನೆಯನ್ನು, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ ಮುಗಿದಂದಿನಿಂದ ಇಂದಿನವರೆಗೆ, ಯಾವ ವಿದ್ವಾಂಸನೂ ಗಂಭೀರವಾಗಿ ಕೈಗೆತ್ತಿಕೊಂಡಂತೆ ಕಾಣೆವು. ಪೋರ್ಚುಗೀಸರಿಂದ ಕರಿಮೆಣಸಿನ ರಾಣಿಯೆಂದು ಕರೆಯಿಸಿಕೊಂಡ ಆ ಮಹಾತಾಯಿಯ ತರುವಾಯ ಬರಿದಾಗಿದ್ದ ಸಿಂಹಾಸನವನ್ನು, ಈಚಿನ ಒಂದು ಮುಂಗಾರಿನ ಆರಂಭದಲ್ಲಿ, ಭಟ್ಕಳದ ಒಂದು ಕಚೇರಿಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಕುಳಿತಿದ್ದ 24 ಕಿಂಡಿಗಳ ಒಂದು ಮುದಿ ಸ್ವಿಚ್ಚು, ಯಾರ ಅರಿವಿಗೂ ಬಾರದಂತೆ ಏರಿ ಕುಳಿತಿತೆಂಬುದನ್ನು ಪ್ರಮಾಣಸಹಿತವಾಗಿ ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ.

ಶಾಸ್ತ್ರಕ್ಕೆ ಪರಿಭಾಷೆಯೇ ಹೊಸ್ತಿಲಾದುದರಿಂದ ಅದನ್ನು ಮೊದಲು ದಾಟಿಬಿಡುವುದು ಲೇಸು. ಜಾಲದ ಕಸುಬಿನವರು ಸ್ಪ್ಯಾನಿಂಗ್ ಟ್ರೀ ಎಂದು ಕರೆಯುವುದನ್ನು ನಾವು ಇಲ್ಲಿ ಸೇತುವೃಕ್ಷವೆಂದು ಕರೆದಿದ್ದೇವೆ. ಏಕೆಂದರೆ ಇಂದಿನ ಸ್ವಿಚ್ಚಿನ ಪೂರ್ವಾಶ್ರಮದ ಹೆಸರು ಬ್ರಿಜ್, ಎಂದರೆ ಸೇತುವೆ. ಇವುಗಳ ಒಡೆಯನಿಗೆ ಇಂದಿಗೂ ರೂಟ್ ಬ್ರಿಜ್ ಎಂದೇ ಬಿರುದು. ಬೇರು ಮೇಲಕ್ಕೂ ಕೊಂಬೆಗಳು ಕೆಳಕ್ಕೂ ಇರುವ ಅಶ್ವತ್ಥವೃಕ್ಷವೊಂದರ ವರ್ಣನೆ ಭಗವದ್ಗೀತೆಯಲ್ಲಿ ಬರುತ್ತದಷ್ಟೆ; ಇಂಜಿನಿಯರುಗಳು ಬೇರನ್ನು ಹಾಳೆಯ ನೆತ್ತಿಯಲ್ಲಿಯೇ ಬರೆಯುವುದನ್ನು ನೋಡಿದರೆ, ಅವರು ಆ ಅಧ್ಯಾಯವನ್ನು ಓದದೆಯೇ ಅನುಷ್ಠಾನಕ್ಕೆ ತಂದರೆಂದು ಹೇಳಬೇಕಾಗುತ್ತದೆ. ಈ ವೃಕ್ಷದ ದ್ರಷ್ಟಾರರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿ. 1985ರಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯಲ್ಲಿದ್ದಾಗ ಇದನ್ನು ಕಂಡುಹಿಡಿದ ಆಕೆ, ತಮ್ಮ ಪ್ರಬಂಧದ ಸಾರಾಂಶವನ್ನು ಪದ್ಯದಲ್ಲಿಯೇ ಬರೆದರೆಂಬುದು ಲೀಲಾವತಿಯ ಲೆಕ್ಕಗಳನ್ನು ಶ್ಲೋಕದಲ್ಲಿ ಕಲಿತ ನಮ್ಮ ದೇಶದವರಿಗೆ ಆಶ್ಚರ್ಯವನ್ನಲ್ಲ, ಸಮಾಧಾನವನ್ನು ತರತಕ್ಕ ವಿಷಯ.

ಇನ್ನು ಪ್ರಕೃತ ವಿಷಯ. ಮೂರೂ ಊರುಗಳಲ್ಲಿ ಶಾಖೆಗಳಿದ್ದ ಒಂದು ಸಂಸ್ಥೆ (ಅದರ ವಯರುಗಳ ಮೇಲುಸ್ತುವಾರಿಯಿಂದ ಈ ಲೇಖಕನ ಅನ್ನ ಹುಟ್ಟುತ್ತಿದ್ದುದರಿಂದ ಹೆಸರನ್ನು ಹೇಳಲಾರೆವು) ಭಟ್ಕಳದಿಂದ ಹೊನ್ನಾವರಕ್ಕೆ ಒಂದು, ಹೊನ್ನಾವರದಿಂದ ಕುಮಟೆಗೆ ಒಂದು, ಹೀಗೆ ಎರಡು ಫೈಬರ್ ದಾರಿಗಳನ್ನು ಪಡೆದು ಹಲಕಾಲ ಸುಖವಾಗಿತ್ತು. ಹೆದ್ದಾರಿಯನ್ನು ಅಗಲಿಸುವ ಜೆಸಿಬಿಗಳು ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಫೈಬರನ್ನು ಕಿತ್ತೊಗೆಯತೊಡಗಿದಾಗ, ದೂರದೃಷ್ಟಿಯುಳ್ಳ ಯಾರೋ ಒಬ್ಬರು ಬೇರೊಬ್ಬ ಗುತ್ತಿಗೆದಾರನಿಂದ ಭಟ್ಕಳ ಕುಮಟೆಗಳ ನಡುವೆ ನೇರವಾಗಿ ಮೂರನೆಯ ದಾರಿಯೊಂದನ್ನು ಎಳೆಯಿಸಿದರು. ಅಲ್ಲಿಗೆ ತ್ರಿಕೋಣವು ಸಿದ್ಧಿಸಿತು. ತ್ರಿಕೋಣವೆಂದರೆ ವೃತ್ತ, ವೃತ್ತವೆಂದರೆ ಲೂಪ್, ಲೂಪೆಂದರೆ ಸ್ವಿಚ್ಚುಗಳ ಲೋಕದಲ್ಲಿ ಪ್ರಳಯ.

ಇದೇಕೆ ಪ್ರಳಯವೆಂಬುದನ್ನು ನಮ್ಮ ಸೀಮೆಯ ರಸ್ತೆಗಳಿಂದಲೇ ವಿಶದಪಡಿಸಬಹುದು. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನು ಹತ್ತಿ, ಮಾವಿನಗುಂಡಿಯಲ್ಲಿ ತಿರುಗಿ, ಸಿದ್ದಾಪುರ ಶಿರಸಿಗಳನ್ನು ಕಂಡು, ದೇವಿಮನೆ ಘಟ್ಟದಲ್ಲಿ ಇಳಿದು ಕುಮಟೆಗೆ ಬಂದು, ಮತ್ತೆ ಹೊನ್ನಾವರವನ್ನು ಸೇರುವ ಪ್ರಯಾಣಿಕನೂ ಒಂದು ಲೂಪನ್ನೇ ಸುತ್ತಿದವನು. ಅವನಿಗೆ ದೇವಿಮನೆಯ ತಿರುವುಗಳಲ್ಲಿ ಹೊಟ್ಟೆ ತೊಳಸಬಹುದಲ್ಲದೆ ಬೇರೆ ಅನರ್ಥವಿಲ್ಲ. ಸಂಜೆಯ ಹೊತ್ತಿಗೆ ಅವನು ಒಬ್ಬನೇ ಹೋದವನು ಒಬ್ಬನೇ ಮರಳುತ್ತಾನೆ. ಸ್ವಿಚ್ಚುಗಳ ನಡುವಿನ ಬ್ರಾಡ್‌ಕಾಸ್ಟ್ ಎಂಬ ಪ್ರಾಣಿಯಾದರೋ ಹೀಗಲ್ಲ. “ಇಂಥ ವಿಳಾಸದವರು ಯಾರಪ್ಪಾ?” ಎಂದು ಮೀನುಮಾರ್ಕೆಟ್ಟಿನಲ್ಲಿ ನಿಂತು ಕೂಗುವವನಂತೆ ಹುಟ್ಟುವ ಆ ಸಂದೇಶವನ್ನು ಪ್ರತಿಯೊಂದು ಸ್ವಿಚ್ಚೂ, ಬಂದ ಕಿಂಡಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಿಂಡಿಗಳಿಗೂ ಪ್ರತಿಮಾಡಿ ಕಳುಹಿಸುತ್ತದೆ, ಐಪಿ ಪೊಟ್ಟಣಗಳಿಗೆ ವಿಧಿಸಿರುವಂತೆ ಇಷ್ಟು ಹೆಜ್ಜೆಗೆ ಸಾಯತಕ್ಕದ್ದೆಂಬ ಆಯುಷ್ಯದ ಎಣಿಕೆಯು ಈಥರ್‌ನೆಟ್ಟಿನ ಸಂದೇಶಕ್ಕಿಲ್ಲ. ಸಾವಿಲ್ಲದೆ ಸುತ್ತುವುದು, ಸುತ್ತಿದಷ್ಟೂ ಹೆಚ್ಚುವುದು: ರಕ್ತಬೀಜಾಸುರನಿಗೆ ಬೇರೆ ಲಕ್ಷಣವೇನು?

ಆದಕಾರಣ ಮೂರು ದಾರಿಗಳಲ್ಲಿ ಒಂದರ ಬಾಯಿ ಮುಚ್ಚಬೇಕು. ಯಾವುದರದು? ಆಂಗ್ಲ ಗಣಿತಜ್ಞ ಕೇಲಿಯು 1889ರಲ್ಲಿ ಪ್ರಕಟಿಸಿದ ಸೂತ್ರದಂತೆ, ಮೂರು ಊರುಗಳನ್ನು ಲೂಪಿಲ್ಲದೆ ಬೆಸೆಯುವ ವೃಕ್ಷಗಳು ಮೂರೇ ಮೂರು: ಭಟ್ಕಳ ನಡುವಾದದ್ದು, ಹೊನ್ನಾವರ ನಡುವಾದದ್ದು, ಕುಮಟಾ ನಡುವಾದದ್ದು. (ಶಿರಸಿಯವರನ್ನೂ ಸೇರಿಸಿಕೊಂಡರೆ 16, ಸಾಗರದವರೂ ಬಂದರೆ 125 ಆಗುವುದರಿಂದ ಘಟ್ಟದ ಮೇಲಿನವರನ್ನು ಈ ಪ್ರಬಂಧಕ್ಕೆ ಕರೆದಿಲ್ಲ, ಅವರು ಮನ್ನಿಸಬೇಕು.) ವೃಕ್ಷಗಳು ಮೂರಾದಂತೆ ಮತಗಳೂ ಮೂರಾದವು. ಹೊನ್ನಾವರದಲ್ಲಿರುವ ಸರ್ವರನ್ನು ಮುಟ್ಟಲು ಕುಮಟೆಯ ಗುಮಾಸ್ತರಿಗೆ ಇದ್ದಕ್ಕಿದ್ದಂತೆ ಯುಗಗಳು ಹಿಡಿಯತೊಡಗಿದ ಆ ಜೂನ್ ತಿಂಗಳಿನಲ್ಲಿ, ಮೂರೂ ಮತಗಳ ಆಚಾರ್ಯರು ಫೋನಿನಲ್ಲಿ ನಡೆಸಿದ ವಾದವನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತೇವೆ.

ಕುಮಟಾ ಮತವು ಪುನರ್ಜನ್ಮವಾದ. ಸಕಲ ಯಂತ್ರದೋಷಗಳೂ ಪ್ಲಗ್ಗನ್ನು ಕಿತ್ತು ಹತ್ತು ಎಣಿಸಿ ಮರಳಿ ಚುಚ್ಚುವುದರಿಂದ ನಿವಾರಣೆಯಾಗುವುವೆಂದು ಇವರ ನಂಬಿಕೆ. ಹೊನ್ನಾವರದ್ದು ಪರದೋಷವಾದ, ಏನಾದರೂ ಅದು ಗುತ್ತಿಗೆದಾರನದು, ಇಲ್ಲವೇ ಜೆಸಿಬಿಯದು. ಭಟ್ಕಳದ್ದು ಎಲ್ಲಕ್ಕಿಂತಲೂ ಪ್ರಶಾಂತವಾದದ್ದು: “ನಮ್ಮಲ್ಲಿ ಎಂತ ತೊಂದ್ರೆನೂ ಇಲ್ಲ ಮಾರಾಯ್ರೆ, ಫಸ್ಟ್ ಕ್ಲಾಸ್ ಉಂಟು.” ಈ ಕೊನೆಯ ಮಾತು ನಿರಪರಾಧದ ಲಕ್ಷಣವಲ್ಲ, ರಾಜತ್ವದ ಲಕ್ಷಣವೆಂಬುದು ನಮಗೆ ಹೊಳೆಯಲು ಎರಡು ದಿನ ಹಿಡಿಯಿತೆಂದು ಒಪ್ಪಿಕೊಳ್ಳುತ್ತೇವೆ.

ಪುನರ್ಜನ್ಮವಾದವು ನಿಷ್ಫಲವಾದ ಬಗೆ ಮಾತ್ರ ಬೋಧಪ್ರದವಾದುದು. ಕುಮಟೆಯವರು ಸ್ವಿಚ್ಚನ್ನು ಆರಿಸಿ ಹಚ್ಚಿದಾಗಲೆಲ್ಲ ಅದರ ಕಿಂಡಿಗಳು 15 ಸೆಕೆಂಡು ಕಿವಿಗೊಟ್ಟು ಕೇಳುವುವು, ಮತ್ತೆ 15 ಸೆಕೆಂಡು ಯಾರು ಎಲ್ಲಿರುವರೆಂದು ಕಲಿಯುವುವು, ಆಮೇಲೆ ಬಾಯ್ದೆರೆಯುವುವು. ಅಷ್ಟರಲ್ಲಿ ಚುನಾವಣೆಯೊಂದು ನಡೆದು, ಹಿಂದಿನ ರಾಜನೇ ಮತ್ತೆ ಗೆದ್ದಿರುವನು. ಹಿಂದಿನ ಮತಗಳೇ ಇದ್ದಲ್ಲಿ ಫಲಿತಾಂಶವು ಬೇರೆಯಾಗಲೆಂದು ಹಾರೈಸುವುದು ನಮ್ಮ ದೇಶದಲ್ಲಿ ಹೊಸತೇನೂ ಅಲ್ಲ.

ರಾಜನೆಂದರೆ ಇಲ್ಲಿ ಭಾಗವತನೆಂದು ತಿಳಿಯತಕ್ಕದ್ದು. ಕೆರೆಮನೆಯವರು 1934ರಷ್ಟು ಹಿಂದೆಯೇ ಇಡಗುಂಜಿಯ ಯಕ್ಷಗಾನ ಮೇಳವನ್ನು ಕಟ್ಟಿದ ಹೊನ್ನಾವರ ತಾಲೂಕಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ: ವೇಷಗಳು ಎಷ್ಟೇ ಕುಣಿದರೂ ರಂಗವು ನಡೆಯುವುದು ಭಾಗವತನ ತಾಳದ ಮೇಲೆ. ರೂಟ್ ಬ್ರಿಜ್ಜು ಎರಡು ಸೆಕೆಂಡಿಗೊಮ್ಮೆ ತಾಳ ಹಾಕುತ್ತದೆ. ಆ ತಾಳಕ್ಕೆ ಬಿಪಿಡಿಯು ಎಂದು ಹೆಸರು. ಮಿಕ್ಕವು ಅದನ್ನು ಕೇಳಿ ಮುಂದಕ್ಕೆ ದಾಟಿಸುತ್ತವೆ. ಇಪ್ಪತ್ತು ಸೆಕೆಂಡು ತಾಳ ಕೇಳಿಸದಿದ್ದರೆ ಭಾಗವತನು ತೀರಿಕೊಂಡನೆಂದು ಬಗೆದು ಉಳಿದವು ಹೊಸಬನನ್ನು ಆರಿಸಲು ತೊಡಗುತ್ತವೆ. 2001ರಲ್ಲಿ ರ‍್ಯಾಪಿಡ್ ಎಂಬ ಬಿರುದಿನ ಚುರುಕಾದ ಪದ್ಧತಿಯೊಂದು ಬಂದು ಈ ಸೂತಕವನ್ನು ಬಹುಮಟ್ಟಿಗೆ ಕಡಿಮೆಮಾಡಿತಾದರೂ, ಹಳಬನೊಬ್ಬನು ಎದುರಿಗಿದ್ದ ಕಿಂಡಿಯಲ್ಲಿ ಹೊಸಬರೂ ಹಳೆಯ ಲಯಕ್ಕೇ ಇಳಿಯಬೇಕಾಗುವುದರಿಂದ, ನಮ್ಮ ಪ್ರಕರಣದಲ್ಲಿ ಅದರಿಂದ ಆದ ಪ್ರಯೋಜನವು ಅತ್ಯಲ್ಪ.

ಈಗ ಪ್ರಶ್ನೆ: ಭಾಗವತನನ್ನು ಆರಿಸುವುದು ಹೇಗೆ? ವಿದ್ಯೆಯಿಂದಲ್ಲ, ವೇಗದಿಂದಲ್ಲ, ಶೀಲದಿಂದಂತೂ ಅಲ್ಲ. ಪ್ರತಿಯೊಂದು ಸ್ವಿಚ್ಚಿಗೂ ಒಂದು ಪ್ರಯಾರಿಟಿ ಎಂಬ ಅಂಕ. ಅದು ಕಡಿಮೆಯಿದ್ದವನೇ ದೊಡ್ಡವನು. ಯಾರೂ ಕೈಯಾಡಿಸದೆ ಬಿಟ್ಟರೆ ಎಲ್ಲರಿಗೂ 32768. ಅಂಕಗಳು ಸಮವಾದಲ್ಲಿ ಮ್ಯಾಕ್ ಅಡ್ರೆಸ್ಸೆಂಬ, ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಹಣೆಯಲ್ಲಿ ಬರೆದ, 48 ಬಿಟ್ಟುಗಳ ಜಾತಕವನ್ನು ಹೋಲಿಸತಕ್ಕದ್ದು. ಅಲ್ಲಿಯೂ ಕಡಿಮೆಯೇ ಶ್ರೇಷ್ಠ. ಒಂದೇ ಮನೆತನದ ಯಂತ್ರಗಳಲ್ಲಿ ಮೊದಲು ಹುಟ್ಟಿದ್ದರ ಅಂಕವು ಸಾಮಾನ್ಯವಾಗಿ ಕಡಿಮೆಯಿರುವುದರಿಂದ, ಯಾರೂ ಏನೂ ಹೇಳದೆ ಬಿಟ್ಟ ಜಾಲದಲ್ಲಿ ಪಟ್ಟವು ಮನೆಯ ಅತ್ಯಂತ ವೃದ್ಧನಿಗೆ ಹೋಗುವುದೇ ಹೆಚ್ಚು. ಅವಿಭಕ್ತ ಕುಟುಂಬವೇ ಸಮಾಜದ ಬುನಾದಿಯೆಂದು ವಾದಿಸುವವರು ಈ ಪ್ರಮಾಣವನ್ನು ಬಳಸಿಕೊಳ್ಳಬಹುದು. ಅದರ ಫಲವೇನಾಯಿತೆಂಬುದನ್ನು ಮಾತ್ರ ಅವರು ಮುಂದೆ ಓದದಿರುವುದು ಒಳ್ಳೆಯದು.

ಮೂರನೆಯ ದಿನ ನಾವು ಹೊನ್ನಾವರದ ಸ್ವಿಚ್ಚಿನೊಳಕ್ಕೆ ಹೊಕ್ಕು, ನಿನ್ನ ರಾಜನಾರು ಎಂದು ಕೇಳಿದೆವು. ಅದು ಹೇಳಿದ ಜಾತಕಾಂಕವು ನಮ್ಮ ಪಟ್ಟಿಯಲ್ಲಿದ್ದ ಯಾವ ಯಂತ್ರದ್ದೂ ಅಲ್ಲ. ಕುಮಟೆಯನ್ನು ಕೇಳಿದರೂ ಅದೇ ಅಪರಿಚಿತ ಹೆಸರು. ಬೇರಿನ ಕಡೆಗೆ ಮೊಗ ಮಾಡಿದ ಕಿಂಡಿಯನ್ನು ಹಿಡಿದು ಹೋದರೆ ಎರಡೂ ಭಟ್ಕಳವನ್ನೇ ತೋರಿದವು. ಬಸ್ಸು ಹತ್ತಿದೆವು.

ಭಟ್ಕಳದ ಕಚೇರಿಯ ಮೆಟ್ಟಿಲ ಕೆಳಗೆ, ಕೊಡೆಗಳ ಮತ್ತು ಒಂದು ಹಳೆಯ ಸೈಕಲ್ ಪಂಪಿನ ನಡುವೆ, ಅದು ಕುಳಿತಿತ್ತು. ಫ್ಯಾನಿನ ಕಿಂಡಿಯಲ್ಲಿ ಜೇಡನ ಬಲೆ. ನೆತ್ತಿಯ ಮೇಲೆ ಯಾರೋ ಚಹದ ಲೋಟವಿಟ್ಟ ಉಂಗುರ. ಪಕ್ಕದಲ್ಲಿಯೇ ನಿಂತಿದ್ದ ಜವಾನನನ್ನು, ಇದು ಇಲ್ಲಿಗೆ ಬಂದುದು ಯಾವಾಗ ಎಂದು ಕೇಳಲು, ಆತನು ಸಾಧನೆಯನ್ನು ನಿವೇದಿಸುವವನ ಹೆಮ್ಮೆಯಿಂದ, “ಮೊನ್ನೆ ಸಿಡಿಲಿಗೆ ಹೊಸದು ಹೋಯ್ತಲ್ರಾ ಸರ್, ಇದು ಅಟ್ಟದ ಮೇಲೆ ಸುಮ್ನೆ ಬಿದ್ಕೊಂಡಿತ್ತು. ಧೂಳು ಒರೆಸಿ ವಾಯರೆಲ್ಲ ಇದ್ದ ಹಾಗೇ ಚುಚ್ಚಿದೆ. ಒಂದೇ ಸಲಕ್ಕೆ ಲೈಟ್ ಬಂತು ನೋಡಿ!” ಎಂದನು.

ಲೈಟು ಬಂದುದು ನಿಜ. ಅರ್ಧ ನಿಮಿಷದಲ್ಲಿ ಉಳಿದೆರಡು ಊರುಗಳೂ ಅದರ ಪಾದಕ್ಕೆ ಬಿದ್ದುದೂ ನಿಜ. ಆ ಮುದುಕನ ಕಿಂಡಿಗಳಾದರೋ ಸೆಕೆಂಡಿಗೆ 100 ಮೆಗಾಬಿಟ್ಟಿನವು. ಅಂಥ ದಾರಿಗೆ ಶಾಸ್ತ್ರವು ವಿಧಿಸುವ ಸುಂಕ 19. ಹೊನ್ನಾವರ ಕುಮಟೆಗಳ ನಡುವಣದು ಗಿಗಾಬಿಟ್ಟಿನ ಹೊಸ ದಾರಿ; ಅದರ ಸುಂಕ ಬರೇ 4. ಕುಮಟೆಯ ಸ್ವಿಚ್ಚು ತನ್ನ ದೊರೆಯ ಆಸ್ಥಾನಕ್ಕೆ ನೇರವಾಗಿ ಹೋದರೆ 19 ತೆರಬೇಕು, ಹೊನ್ನಾವರದ ಮೇಲೆ ಹೋದರೆ 4ಕ್ಕೆ 19 ಸೇರಿ 23. ಅದು ವಿವೇಕಿಯಾದುದರಿಂದ ನೇರದಾರಿಯನ್ನೇ ಹಿಡಿಯಿತು. ಹೊನ್ನಾವರದ್ದೂ ಅದೇ ಲೆಕ್ಕ, ಅದೇ ವಿವೇಕ. ಎಲ್ಲರೂ ಹೀಗೆ ವಿವೇಕಿಗಳಾದ ಮೇಲೆ ಯಾರಿಗೂ ಬೇಡವಾಗಿ ಉಳಿದುದು ಮೂರರಲ್ಲಿಯೂ ಉತ್ತಮವಾದ ದಾರಿ. ಶಾಸ್ತ್ರವು ಅದನ್ನೇ ಮುಚ್ಚಿಬಿಟ್ಟಿತು. ಆ ದಿನದಿಂದ ಕುಮಟೆಯ ಗುಮಾಸ್ತನೊಬ್ಬನು ಒಂದು ಗುಂಡಿಯನ್ನೊತ್ತಿದರೆ, ಅವನ ಕೋರಿಕೆಯು ಹೆದ್ದಾರಿಯ ಅಂಚಿನ ಫೈಬರಿನಲ್ಲಿ ಹೊನ್ನಾವರದ ಪೇಟೆಯನ್ನೇ ಹಾದು, ನಿಲ್ಲದೆ ಶರಾವತಿಯನ್ನು ದಾಟಿ, ಮಂಕಿ ಮುರ್ಡೇಶ್ವರಗಳನ್ನು ಹಿಂದಿಕ್ಕಿ, ಭಟ್ಕಳದ ಮೆಟ್ಟಿಲ ಕೆಳಗಿನ ದೊರೆಗೆ ಅಡ್ಡಬಿದ್ದು, ಹೊಕ್ಕ ದಾರಿಗೆ ಸಮಾಂತರವಾಗಿ ಮರಳಿ ಶರಾವತಿಯನ್ನು ಎರಡನೆಯ ಸಲ ದಾಟಿ, ಹೊನ್ನಾವರದ ಸರ್ವರಿನ ಬಾಗಿಲನ್ನು ತಟ್ಟುತ್ತಿತ್ತು. ಉತ್ತರವೂ ಹಾಗೆಯೇ ಸುತ್ತಿ ಬರುತ್ತಿತ್ತು. ಬೆಳಕಿನ ವೇಗಕ್ಕೆ ಈ ದೂರವು ಲೆಕ್ಕಕ್ಕಿಲ್ಲವೆಂದು ಭೌತಶಾಸ್ತ್ರಜ್ಞರು ಆಕ್ಷೇಪಿಸಬಹುದು, ಒಪ್ಪಿದೆವು. ಆದರೆ ಬೆಳಕು ಕಾಯುತ್ತಿದ್ದುದು ನದಿಯ ಮೇಲಲ್ಲ, ಮುದುಕನ ಕಿರಿದಾದ ಕಿಂಡಿಯ ಮುಂದೆ, ಸರದಿಯಲ್ಲಿ.

ಪರಿಹಾರವು ಕಾರಣಕ್ಕಿಂತ ಚಿಕ್ಕದು. ಪ್ರಯಾರಿಟಿಯನ್ನು 4096ರ ಮಡಿಗಳಲ್ಲಿ ಮಾತ್ರ ಕೊಡಬಹುದಾದುದರಿಂದ ಹೊನ್ನಾವರಕ್ಕೆ 4096, ಯುವರಾಜಪದವಿಗೆ ಕುಮಟೆಗೆ 8192, ವೃದ್ಧನಿಗೆ ಶಾಸ್ತ್ರವು ಅನುಮತಿಸುವ ಅತ್ಯಂತ ಕೊನೆಯ ಅಂಕವಾದ 61440 ಎಂದು ಬರೆದೆವು. ಒಂದು ನಿಮಿಷದೊಳಗೆ ವೃಕ್ಷವು ಬೇರನ್ನು ಬದಲಿಸಿತು. ಭಟ್ಕಳದಿಂದ ಕುಮಟೆಗೆ ಹೋಗುವ ನೇರದಾರಿಯು ಭಟ್ಕಳದ ತುದಿಯಲ್ಲಿ ಮೌನ ತಾಳಿ, ಅದನ್ನು ಎಳೆಯಿಸಿದವರ ಮೂಲ ಉದ್ದೇಶದಂತೆ, ಆಪತ್ಕಾಲಕ್ಕೆ ಕಾಯುತ್ತ ಕುಳಿತಿತು. ಕುಮಟೆಯಿಂದ ಫೋನು ಬಂದಿತು: ತಾವು ಬೆಳಿಗ್ಗೆ ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದುದರಿಂದ ಈಗ ಸರಿಹೋಗಿದೆಯೆಂದು.

ಇಷ್ಟರಲ್ಲಿಯೇ ಪ್ರಬಂಧವನ್ನು ಮುಗಿಸಬಹುದಿತ್ತು, ಆದರೆ ವಾರ ಕಳೆಯುವುದರೊಳಗೆ ಭಟ್ಕಳದಿಂದ ಅದೇ ಜವಾನನ ದನಿ: “ಎಲ್ಲ ಲೈಟೂ ಒಟ್ಟಿಗೇ ಕುಣಿತಾ ಉಂಟು ಸರ್, ಚೆಂದ ಕಾಣ್ತದೆ.” ಚೆಂದವೆಂದೊಡನೆ ನಮ್ಮ ಕೈಕಾಲು ತಣ್ಣಗಾದವು. ಸ್ವಿಚ್ಚಿನ ದೀಪಗಳು ಆರೋಗ್ಯದಲ್ಲಿ ತಮತಮಗೆ ತೋರಿದಂತೆ ಮಿನುಗುತ್ತವೆ. ಮಳೆಗಾಲದ ಮೊದಲಲ್ಲಿ ಒಂದು ಮರದ ಮಿಂಚುಹುಳುಗಳೆಲ್ಲ ಕೂಡಿ ಹೊತ್ತಿ ಕೂಡಿ ಆರುವಂತೆ ಅವು ಮಿನುಗತೊಡಗಿದರೆ ರಕ್ತಬೀಜನು ಹುಟ್ಟಿದನೆಂದೇ ಅರ್ಥ. 2002ರ ನವೆಂಬರಿನಲ್ಲಿ ಬೋಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯ ಜಾಲವು ಸೇತುವೃಕ್ಷದ ಎಲ್ಲೆಯನ್ನು ಮೀರಿ ಬೆಳೆದು ಇದೇ ತೆರನಾದ ಬಿರುಗಾಳಿಗೆ ಸಿಕ್ಕಿ ದಿನಗಟ್ಟಲೆ ನೆಲಕಚ್ಚಿದಾಗ, ವೈದ್ಯರು ಕಾಗದ ಪೆನ್ನುಗಳಿಗೆ ಮರಳಿದರು. ಭಟ್ಕಳದ ಶಾಖೆಯು ಕಾಗದ ಪೆನ್ನುಗಳನ್ನು ಇನ್ನೂ ಬಿಟ್ಟಿರಲಿಲ್ಲವಾದುದರಿಂದ ಅಲ್ಲಿ ಯಾರಿಗೂ ಗಾಬರಿಯಾಗಲಿಲ್ಲ.

ಬಿರುಗಾಳಿಯ ಮೂಲವನ್ನು ಹುಡುಕುವ ವಿಧಾನವು ಪ್ರಾಚೀನವೂ ಒರಟೂ ಆದುದು: ಕೇಬಲ್ಲುಗಳನ್ನು ಒಂದೊಂದಾಗಿ ಕೀಳುತ್ತ ದೀಪಗಳನ್ನು ನೋಡುತ್ತಿರುವುದು, ಯಾವುದನ್ನು ಕಿತ್ತಾಗ ಕುಣಿತ ನಿಲ್ಲುವುದೋ ಅದರ ಇನ್ನೊಂದು ತುದಿಗೆ ನಡೆಯುವುದು. ಹನ್ನೊಂದನೆಯದನ್ನು ಕಿತ್ತಾಗ ನಿಂತಿತು. ಇನ್ನೊಂದು ತುದಿಯು ಗುಮಾಸ್ತರ ಮೇಜಿನ ಕೆಳಗಿನ, ಸೇತುವೃಕ್ಷದ ಹೆಸರನ್ನೇ ಕೇಳದ, ಎಂಟು ಕಿಂಡಿಯ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿತ್ತು. ಆ ಡಬ್ಬಿಯ ಮೂರನೆಯ ಕಿಂಡಿಯಿಂದ ಹಳದಿಯ ವಯರೊಂದು ಹೊರಟು, ಮೇಜಿನ ಕಾಲನ್ನು ಒಂದು ಸುತ್ತು ಸುತ್ತಿ, ಅದೇ ಡಬ್ಬಿಯ ಏಳನೆಯ ಕಿಂಡಿಯನ್ನು ಹೊಕ್ಕಿತ್ತು.

“ಒಂದು ತುದಿ ಸುಮ್ನೆ ಜೋಲ್ತಾ ಇತ್ತು ಸರ್,” ಎಂದನು ಆ ಕರುಣಾಳು, “ಗುಡಿಸುವಾಗ ಕಾಲಿಗೆ ಸಿಕ್ತಿತ್ತು. ಪಾಪ ಕಂಡಿತು, ಖಾಲಿ ಇದ್ದಲ್ಲಿ ಚುಚ್ಚಿಟ್ಟೆ.”

ದೊಡ್ಡ ಸ್ವಿಚ್ಚಿನ ಆ ಹನ್ನೊಂದನೆಯ ಕಿಂಡಿಗೆ ಬಿಪಿಡಿಯು ಗಾರ್ಡ್ ಎಂಬ ದ್ವಾರಪಾಲಕನನ್ನು ನಿಲ್ಲಿಸಿದ್ದರೆ, ತಾನು ಹಾಕಿದ ತಾಳವೇ ತಿರುಗಿ ತನ್ನ ಕಿವಿಗೆ ಬಿದ್ದ ಕ್ಷಣದಲ್ಲಿ ಅದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾವು ನಿಲ್ಲಿಸಿರಲಿಲ್ಲ. ಈ ವಾಕ್ಯವನ್ನು ಸಂಸ್ಥೆಗೆ ಕೊಟ್ಟ ವರದಿಯಲ್ಲಿ ಬರೆದಿಲ್ಲವಾದುದರಿಂದ ವಾಚಕರು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಅಂದೇ, ಊರಿಂದೂರಿಗೆ ಹೋಗುವ ದಾರಿಗಳ ಕಿಂಡಿಗಳನ್ನು ಬಿಟ್ಟು ಮಿಕ್ಕೆಲ್ಲ ಕಿಂಡಿಗಳಿಗೂ ದ್ವಾರಪಾಲಕರನ್ನು ನಿಯಮಿಸಿ, ಹಳದಿಯ ವಯರನ್ನು ಎರಡೂ ಕಡೆ ಕಿತ್ತು ಜವಾನನ ಕೈಯಲ್ಲಿಟ್ಟು, ಇದನ್ನು ಇನ್ನು ಯಾವ ಕಿಂಡಿಗೂ ಹಾಕಕೂಡದೆಂದು ಹೇಳಿದೆವು. ಅವನು ತುಸು ಹೊತ್ತು ಯೋಚಿಸಿ, ಗೋಡೆಯ ಮೇಲಿನ ದೇವರ ಪಟಕ್ಕೆ ಹಾಕಿದ್ದ ಹಿಂದಿನ ದಿನದ ಭಟ್ಕಳ ಮಲ್ಲಿಗೆಯ ಮಾಲೆಯನ್ನು ತೆಗೆದು, ಬಾಡಿದ ಹೂಗಳನ್ನು ಕೊಡವಿ, ಉಳಿದ ಬಾಳೆಯ ನಾರಿನಿಂದ ವಯರಿನ ಸುರುಳಿಯನ್ನು ಎರಡು ಗಂಟು ಹಾಕಿ ಬಿಗಿದು, ಕೊಡೆಗಳ ಪಕ್ಕದ ಮೊಳೆಗೆ ತೂಗುಹಾಕಿದನು.