ಪಿಪೀಲಿಕೋಚ್ಚಾಟನ ಮೀಮಾಂಸೆ

ಇರುವೆಯನ್ನು ಅಲ್ಪಜಂತುವೆಂದು ಬಗೆದವನು ಮನೆಯ ಮುಂದೆ ಹುಲ್ಲುಹಾಸು ಬೆಳೆಸಿದವನಲ್ಲವೆಂದು ತಿಳಿಯತಕ್ಕದ್ದು. ನಡುವಣ ಪಾದವು ಕೃಶವಾದ ಛಂದಸ್ಸಿಗೆ ಪಿಪೀಲಿಕಮಧ್ಯಾ ಎಂದು ಹೆಸರಿಟ್ಟ ಪೂರ್ವಾಚಾರ್ಯರು ಅದರ ಸೊಂಟವನ್ನು ನೋಡಿದರೇ ಹೊರತು ಬಾಯಿಯನ್ನು ನೋಡಲಿಲ್ಲ. ಇರುವೆಗಳಿಂದ ದೊರೆತ ಪಿಪೀಲಿಕವೆಂಬ ಚಿನ್ನವನ್ನು ದ್ರೋಣದ ಅಳತೆಯಲ್ಲಿ ಧರ್ಮರಾಯನಿಗೆ ಕಾಣಿಕೆಯಿತ್ತರೆಂದು ಸಭಾಪರ್ವವು ಹೇಳುವುದಾದರೂ, ಬೆಂಗಳೂರಿನ 30×40 ನಿವೇಶನದಲ್ಲಿ ಮನೆ ಎದ್ದು ಮಿಕ್ಕ ಹತ್ತಡಿ ಹುಲ್ಲಿನ ಮೇಲೆ ಕೆಂಜಿಗಗಳು ತೋಡಿಟ್ಟ ಗುಪ್ಪೆಯನ್ನು ಈ ಲೇಖಕನು ಮೂರಾವರ್ತಿ ಜರಡಿ ಹಿಡಿದರೂ ಕೆಮ್ಮಣ್ಣಲ್ಲದೆ ಮತ್ತೇನೂ ಕೈಗೆ ಹತ್ತಲಿಲ್ಲ.

ಶತ್ರುನಿಗ್ರಹಕ್ಕೆ ಶಾಸ್ತ್ರೋಕ್ತವಾದ ಉಪಾಯಗಳು ನಾಲ್ಕು. ಇವುಗಳಲ್ಲಿ ಸಾಮವು, ಇರುವೆಗೆ ಕಿವಿಯೇ ಇಲ್ಲವಾದ ಕಾರಣ, ಆರಂಭದಲ್ಲಿಯೇ ನಿರಸ್ತವಾಯಿತು. ಭೇದಾರ್ಥವಾಗಿ ಸಾಲಿಗೆ ಅಡ್ಡಲಾಗಿ ಅರಿಸಿನದ ಗೆರೆಯೆಳೆದೆನು; ಮುಂದಿನವಳು ನೆಲಕ್ಕೆ ಒತ್ತಿಹೋದ ವಾಸನೆಯೇ ಹಿಂದಿನವಳಿಗೆ ಹೆದ್ದಾರಿಯಾದುದರಿಂದ ಸಾಲು ಅರೆಗಳಿಗೆ ಕಂಗೆಟ್ಟು, ಮೀಸೆಯಾಡಿಸಿ, ಗರಿಕೆಯ ಬುಡವೊಂದನ್ನು ಬಳಸಿ, ಗೆರೆಯಾಚೆ ಮತ್ತೆ ಕೂಡಿಕೊಂಡಿತು. ದಂಡವನ್ನು ಬಚ್ಚಲ ಹಂಡೆಯ ಕುದಿನೀರಿನ ರೂಪದಲ್ಲಿ ಪ್ರಯೋಗಿಸಲಾಗಿ ಹುಲ್ಲು ಬೆಂದು ಬೋಳಾಯಿತು. ಪಾತಾಳವಾಸಿನಿಯಾದ ರಾಣಿಯಾದರೋ ಮರಿಮೊಟ್ಟೆಗಳ ಸಮೇತ ರಾಜಧಾನಿಯನ್ನು ಎರಡು ಗೇಣು ಆಚೆಗೆ ವರ್ಗಾಯಿಸಿದಳು.

ಉಳಿದುದು ದಾನ. ನೂರು ಪಾಲು ಸಕ್ಕರೆನೀರಿಗೆ ಒಂದು ಪಾಲು ಬೋರಿಕ್ ಆಮ್ಲ ಬೆರೆಸಿಡುವುದೇ ಇದರ ವಿಧಿ. ಕೂಲಿ ಇರುವೆಗಳೆಲ್ಲ ಹೆಣ್ಣುಗಳಾಗಿದ್ದು, ಕುಡಿದುದನ್ನು ಗೂಡಿಗೆ ಒಯ್ದು ಬಾಯಿಂದ ಬಾಯಿಗೆ ಹಂಚುವ ಉದಾರಚರಿತರಾದುದರಿಂದ ವಿಷವು ಕ್ರಮೇಣ ರಾಣಿಯನ್ನು ಮುಟ್ಟುತ್ತದೆ. ಪಾಲು ಹೆಚ್ಚಿಸಿದರೆ ದೂತಿಯೇ ದಾರಿಯಲ್ಲಿ ಸತ್ತು ಸಂದೇಶವು ಕೆಡುತ್ತದೆ. ಈ ಸೂಕ್ಷ್ಮವನ್ನರಿತು ಮುಚ್ಚಳದಲ್ಲಿ ಪಾಕವನ್ನಿಡುತ್ತಿರುವಾಗ, ಹೊಸ್ತಿಲ ಮುಂದೆ ಅಕ್ಕಿಹಿಟ್ಟಿನ ರಂಗೋಲಿಯಿಕ್ಕುತ್ತಿದ್ದ ಅಮ್ಮನು ತಲೆಯೆತ್ತಿ, "ಇರುವೆ ತಿನ್ನಲೀಂತ ನಾನಿಲ್ಲಿ ಹಿಟ್ಟು ಹಾಕ್ತಾ ಇದ್ದರೆ, ನೀನಲ್ಲಿ ವಿಷ ಇಡ್ತೀಯೇನೋ?" ಎಂದು ಪೂರ್ವಪಕ್ಷವನ್ನು ಮಂಡಿಸಿದಳು. ಇದಕ್ಕೆ ಉತ್ತರವು ಯಾವ ಶಾಸ್ತ್ರದಲ್ಲಿಯೂ ದೊರೆಯಲಿಲ್ಲ. ಅಷ್ಟರಲ್ಲಿ ಕೆಂಜಿಗಗಳ ಸಾಲು ನನ್ನ ಮುಚ್ಚಳವನ್ನು ಬಳಸಿ ರಂಗೋಲಿಯತ್ತ ಹೊರಟಿದ್ದಿತು.

ಆದುದರಿಂದ ಸಿದ್ಧಾಂತವಿಷ್ಟೆ: ಕುದಿನೀರಿಗೆ ಬೆಂದ ಹುಲ್ಲು ಮರಳಿ ಚಿಗುರಲಿಲ್ಲ, ಹುಲ್ಲುಹಾಸೇ ಇಲ್ಲದೆಡೆ ಹುಲ್ಲುಹಾಸಿನ ಇರುವೆಯೆಂಬುದು ತರ್ಕತಃ ಅಸಂಭವ, ಹೀಗಾಗಿ ಉಚ್ಚಾಟನೆಯು ನಿಶ್ಶೇಷವಾಗಿ ಸಿದ್ಧಿಸಿತು. ಈಗ ಅಲ್ಲಿ ಓಡಾಡುತ್ತಿರುವವು ಅಂಗಳದ ಇರುವೆಗಳು. ಅವುಗಳ ವಿಚಾರವು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಸೇರತಕ್ಕದ್ದಲ್ಲ.